ಗಟ್ಟಿಮೇಳದ ಒಳಗಿನ ಮಾತು

ಚಿತ್ರದುರ್ಗ
೧೪ ನವೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ,

ಶಿವುಗೆ ಹೆಣ್ಣು ಗೊತ್ತಾಯಿತಂತೆ. ಇವತ್ತು ಹಾಸ್ಟೆಲ್ ಅಡುಗೆ ಕೆಲಸ ಮುಗಿಸಿ ಬಂದ ಚಂದ್ರಕ್ಕ ಚಿಕ್ಕಮ್ಮ ರೊಟ್ಟಿ ತಟ್ಟುತ್ತಾ ಹೇಳಿದರು. ಹುಡುಗಿಯ ಹೆಸರು ನಾಗವೇಣಿ, ಹೊಳಲ್ಕೆರೆಯ ಪರಮೇಶ್ವರಪ್ಪನವರ ಮಗಳು ಎಂದರು. ನೀನು ನನಗೆ ಫೋನ್ ಮಾಡಿದ್ದೆಯೇನೋ. ನಾನು ಎತ್ತುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಫೋನಿನಲ್ಲಿ ನಿನ್ನ ದನಿಯ ಅರ್ಧ ಮಾತ್ರ ಬರುತ್ತದೆ. ಉಳಿದರ್ಧ ಎಲ್ಲಿ ಹೋಯಿತು ಎಂದು ಹುಡುಕುತ್ತಾ ಕುಳಿತರೆ ನೀನು ಹೇಳಿದ್ದು ತಲೆಗೆ ಹೋಗುವುದಿಲ್ಲ. ಕಾಗದವೇ ಸರಿ.

ಮದುವೆಯಲ್ಲಿ ಗಂಡಿನ ಅಕ್ಕನೋ ತಂಗಿಯೋ ಕಳಸ ಹಿಡಿದು ಅವನ ಪಕ್ಕದಲ್ಲಿ ನಿಲ್ಲಬೇಕು. ಶಿವುಗೆ ಇರುವವಳು ನಾನೊಬ್ಬಳೇ ಅಕ್ಕ. ಹಾಗಾಗಿ ನಾನು ತಯಾರಾಗಬೇಕು.

ಚಿಕ್ಕವಳಿದ್ದಾಗ ಹಿರಿಯೂರಿನಲ್ಲಿ ದೊಡ್ಡಪ್ಪನ ಮಗಳ ಮದುವೆಯಲ್ಲಿ ಆದದ್ದನ್ನು ನಾನು ಮರೆತಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಓಲಗದವರು ಒಮ್ಮೆಲೇ ಗಟ್ಟಿಮೇಳ ಬಾರಿಸಿದರು. ನಾನು ಕಿರುಚಿ ನೆಲಕ್ಕೆ ಬಿದ್ದೆ, ಕೈ ಕಚ್ಚಿಕೊಂಡೆ. ಓಲಗ ನಿಂತೇಹೋಯಿತು. ಅಪ್ಪ ನನ್ನನ್ನು ಎತ್ತಿಕೊಂಡು ಹೊರಗೆ ಬಂದ. ಆಮೇಲೆ ಡಾಕ್ಟರು ನನಗಿರುವುದು ಆಟಿಸಂ ಎಂದರು. ಊರಿನವರು ಗಾಳಿ ಸೋಕಿದೆ ಎಂದರು. ನಾನು ಚಿಕ್ಕಮ್ಮನ ಮನೆಗೆ ಬಂದೆ.

ಶಿವುವಿನ ಮದುವೆಯಲ್ಲಿ ಹಾಗಾಗಬಾರದು. ನಾನು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯ ತಾಹೇರಾ ಆಪಾಗೆ ಹೇಳಿದ್ದೇನೆ. ಅಂಗಡಿಯ ಹಿಂದಿನ ಬೀದಿಯಲ್ಲಿ ಕಲ್ಯಾಣ ಮಂಟಪವಿದೆ. ಮುಹೂರ್ತವಿರುವ ದಿನ ಅಲ್ಲಿ ಹೋಗಿ ನಿಂತು ಗಟ್ಟಿಮೇಳ ಕಲಿಯುತ್ತೇನೆ. ಬಾರಿಸುವುದನ್ನಲ್ಲ, ಕೇಳುವುದನ್ನು.

ಮದುವೆಯ ದಿನ ತಿಳಿಸು.

ನಿನ್ನ
ರಂಜು


ಮತ್ತೋಡು
೨೫ ನವೆಂಬರ್ ೨೦೨೪

ನನ್ನ ಕಂದ ರಂಜುಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಶೇಂಗಾ ಬಿಡಿಸುವ ಗಲಾಟೆಯಲ್ಲಿ ನಿನಗೆ ಬರೆಯುವುದು ತಡವಾಯಿತು, ಬೇರೆ ಕಾರಣವೇನೂ ಇಲ್ಲ. ಹುಡುಗಿ ಒಳ್ಳೆಯವಳು, ಬಿ.ಕಾಂ. ಓದಿದ್ದಾಳೆ. ಮಾತು ಮೆಲ್ಲಗೆ. ದಿನ ಇನ್ನೂ ಗೊತ್ತಾಗಿಲ್ಲ. ಗೊತ್ತಾದರೆ ನಿನಗೆ ಬರೆಯದೆ ಇರುತ್ತೇನೆಯೇ.

ಆ ಮಂಟಪದ ಹತ್ತಿರ ನಿಲ್ಲುವುದೆಲ್ಲ ಬೇಡ ಕಣೇ. ಕರೆಯದ ಮದುವೆಗೆ ಬಂದಿದ್ದಾಳೆ ಅಂತ ಯಾರಾದರೂ ಏನಾದರೂ ಅಂದಾರು. ನಿನ್ನಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ಕೇಳಿಸಿಕೊಂಡು, "ಅವ್ಳಿಗ್ಯಾಕೆ ಅಷ್ಟು ಹಿಂಸೆ, ಅಲ್ಲೇ ಆರಾಮಾಗಿ ಇರ್ಲಿ ಬಿಡು" ಅಂತ ಎದ್ದು ಕುರಿ ಹಟ್ಟಿಗೆ ಹೋದರು. ನಿನ್ನ ಮೇಲಿನ ಪ್ರೀತಿಗೆ ಹಾಗಂದದ್ದು. ಹಿರಿಯೂರಿನಿಂದ ಬಂದ ದಿನ ನಿನ್ನ ಕೈಯ ಗಾಯ ತೊಳೆದವರು ಅವರೇ ಅಲ್ಲವೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಂದ್ರಕ್ಕನ ಮಾತು ಕೇಳು.

ಅಮ್ಮ


ಚಿತ್ರದುರ್ಗ
೧೦ ಡಿಸೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ,

ಅಪ್ಪನಿಗೆ ಹೇಳು, ಹಿಂಸೆ ಆಗುತ್ತದೆ, ಆದರೆ ಕಡಿಮೆಯಾಗುತ್ತಿದೆ.

ಮೊದಲ ದಿನ ಗೇಟಿನ ಹತ್ತಿರವೂ ನಿಲ್ಲಲಾಗಲಿಲ್ಲ. ಡೋಲಿನ ಪೆಟ್ಟು ಹಲ್ಲಿನೊಳಗೆ ಬಿದ್ದಂತಾಗಿ ಓಡಿ ಬಂದೆ. ಆಪಾ ಬುರ್ಖಾ ಎತ್ತಿ ಹಿಡಿದು ನನ್ನ ಹಿಂದೆ ಓಡಿ ಬಂದರು. ಅಂಗಡಿಯಲ್ಲಿ ಕೂರಿಸಿ ನೀರು ಕೊಟ್ಟು, "ಭಾನುವಾರ ಇನ್ನೊಂದು ಮದ್ವೆ ಐತೆ, ಹೋಗಾಣ" ಎಂದರು.

ಆಮೇಲಿನ ಸಲ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಆಪಾಗೆ ಓಲಗವೆಂದರೆ ಒಂದೇ ಸದ್ದಂತೆ. ನನಗೆ ಹಾಗಲ್ಲ. ನಾಗಸ್ವರ ಬೇರೆ, ಶ್ರುತಿಪೆಟ್ಟಿಗೆ ಬೇರೆ, ಡೋಲಿನ ಕೋಲಿನ ಬದಿ ಬೇರೆ, ಬೆರಳಿನ ಬದಿ ಬೇರೆ. ಅದರ ಜೊತೆಗೆ ಜನರೇಟರ್, ಅಡುಗೆಯವರ ಸೌಟು, ಚಪ್ಪಲಿ ಹುಡುಕುವವರ ಮಾತು. ಎಲ್ಲವೂ ಒಟ್ಟಿಗೆ ಒಳಗೆ ಬರುತ್ತವೆ. ಯಾವುದೂ ಹಿಂದಕ್ಕೆ ಸರಿದು ನಿಲ್ಲುವುದಿಲ್ಲ. ಹಾಗಾಗಿ ನಾನು ಶ್ರುತಿಪೆಟ್ಟಿಗೆಯನ್ನು ಮಾತ್ರ ಹಿಡಿದುಕೊಂಡೆ. ಅದು ಏರುವುದಿಲ್ಲ, ಇಳಿಯುವುದಿಲ್ಲ. ಅದನ್ನು ಬಿಡದೆ ಹಿಡಿದರೆ ಉಳಿದ ಸದ್ದುಗಳು ಒಂದೊಂದಾಗಿ ಅದರ ಪಕ್ಕದಲ್ಲಿ ಬಂದು ಕೂರುತ್ತವೆ.

ಊಟಕ್ಕೆ ಹೊರಗೆ ಬಂದ ಡೋಲಿನ ಮುನಿಯಪ್ಪ ಎಂಬವರು, "ಏನವ್ವ, ಮದ್ವೆ ಮದ್ವೆಗೂ ಬಂದು ಗೋಡೆ ಹಿಡ್ಕಂಡು ನಿಂತ್ಕಂತೀಯ?" ಎಂದು ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಅವರು ನಗಲಿಲ್ಲ.

"ತಾಳಿ ಕಟ್ಟೋ ಗಳಿಗೆಯಾಗೆ ಯಾರೋ ಸೀನ್ತಾರೆ, ಯಾರೋ ಕೆಟ್ಟ ಮಾತಾಡ್ತಾರೆ. ಅದು ಗಂಡು ಹೆಣ್ಣಿನ ಕಿವಿಗೆ ಬೀಳಬಾರ್ದು ಅಂತ ಗಟ್ಟಿಮೇಳ ಹೊಡೆಯಾದು" ಎಂದರು. "ಪುರೋಹಿತ್ರು ಕೈ ಎತ್ತುತಾರೆ. ಅದನ್ನ ನೋಡ್ಕಂಡು ನಾವು ಹೊಡೀತೀವಿ. ನೀನೂ ನಮ್ ಕಡೆ ನೋಡಬ್ಯಾಡ, ಅವರ ಕೈ ನೋಡು."

ಅಮ್ಮ, ಸದ್ದು ಜೋರಾಗಿರುವುದು ನನಗೆ ಅಷ್ಟು ಕಷ್ಟವಲ್ಲ. ಯಾವಾಗ ಜೋರಾಗುತ್ತದೆ ಎಂದು ಗೊತ್ತಿಲ್ಲದಿರುವುದು ಕಷ್ಟ. ಎಲ್ಲರೂ ಆ ಕೈಯನ್ನು ನೋಡಿಯೇ ತಯಾರಾಗುತ್ತಾರೆ ಎಂದು ನನಗೆ ತಿಳಿದಿರಲಿಲ್ಲ.

ಇನ್ನು ಧನುರ್ಮಾಸ. ಸಂಕ್ರಾಂತಿಯವರೆಗೆ ಮದುವೆಗಳಿಲ್ಲ. ನಮ್ಮ ಮದುವೆಯ ದಿನ ಗೊತ್ತಾಯಿತೇ?

ನಿನ್ನ
ರಂಜು


ಮತ್ತೋಡು
೫ ಜನವರಿ ೨೦೨೫

ರಂಜು ಕಂದಾ,

ಹೊಸದುರ್ಗದಿಂದ ದುರ್ಗಕ್ಕೆ ಬರುವವರ ಕೈಯಲ್ಲಿ ಹುರಿದ ಶೇಂಗಾ, ಎರಡು ಸೇರು ಹುರುಳಿ ಕಳಿಸಿದ್ದೇನೆ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಆ ವಾಸನೆ ನಿನಗೆ ಆಗುವುದಿಲ್ಲ, ಅದಕ್ಕೇ ಸಂಕ್ರಾಂತಿಗೆ ಬಾ ಅನ್ನುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಮದುವೆ ಯುಗಾದಿ ಕಳೆದ ಮೇಲೆ ಆಗಬಹುದು. ಗಂಡಸರು ಮಾತಾಡುತ್ತಿದ್ದಾರೆ. ನೀನು ಅವಸರ ಮಾಡಬೇಡ. ಶಿವು ನಿನ್ನನ್ನು ಕೇಳಿದೆ ಅಂತ ಬರೆ ಅಂದ.

ಅಮ್ಮ


ಚಿತ್ರದುರ್ಗ
೪ ಫೆಬ್ರುವರಿ ೨೦೨೫

ಪ್ರೀತಿಯ ಅಮ್ಮನಿಗೆ,

ಆಯಿತು. ನಿನ್ನೆ ಮಂಟಪದ ಒಳಗೆ, ಕುರ್ಚಿಗಳ ಮೊದಲ ಸಾಲಿನ ಪಕ್ಕದಲ್ಲಿ ನಿಂತು ಗಟ್ಟಿಮೇಳ ಪೂರ್ತಿ ಕೇಳಿದೆ. ಮುನಿಯಪ್ಪನವರು ಮನೆಯವರಿಗೆ ಹೇಳಿ ಒಳಗೆ ಬಿಡಿಸಿದರು. ಪುರೋಹಿತರ ಕೈ ಮೇಲೆದ್ದಾಗ ನಾನು ಉಸಿರು ಒಳಗೆಳೆದುಕೊಂಡೆ. ಡೋಲು ಬಂತು. ಎದೆಯಲ್ಲಿ ಬಂತು, ಹೊಟ್ಟೆಯಲ್ಲಿ ಬಂತು. ನಾನು ಬೀಳಲಿಲ್ಲ, ಕಿವಿ ಮುಚ್ಚಲಿಲ್ಲ. ಗಟ್ಟಿಮೇಳ ಒಳಗಿನಿಂದ ಎಷ್ಟು ಚೆನ್ನಾಗಿದೆ ಗೊತ್ತೇ. ಅದು ಗದ್ದಲವಲ್ಲ. ಒಂದೊಂದು ಪೆಟ್ಟಿಗೂ ಅದರದೇ ಜಾಗವಿದೆ. ಅಷ್ಟು ಸದ್ದಿನಲ್ಲಿ ಹಿಂದೆ ಯಾರೋ ಮಗುವಿಗೆ "ಬಾಯಿ ಒರ್ಸ್ಕ" ಎಂದದ್ದೂ ನನಗೆ ಬೇರೆಯಾಗಿ ಕೇಳಿಸಿತು.

ಇನ್ನೊಂದು ವಿಷಯ. ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ನಾಗಸ್ವರದವರು ನಿಧಾನವಾಗಿ ಒಂದು ರಾಗ ನುಡಿಸಿದರು. ಮುಖ ನೋಡಿದರೆ ನನಗೆ ಜನರ ಮನಸ್ಸು ತಿಳಿಯುವುದಿಲ್ಲ; ಅಳುವವರು ನಗುವವರ ಹಾಗೆಯೇ ಕಾಣುತ್ತಾರೆ. ನಿನ್ನೆ ರಾಗ ಕೇಳುತ್ತಾ ಹುಡುಗಿಯ ತಾಯಿಯನ್ನು ನೋಡಿದೆ. ಆಕೆಗೆ ಏನಾಗುತ್ತಿದೆ ಎಂದು ಅರ್ಥವಾಯಿತು. ನನಗೂ ಕಣ್ಣೀರು ಬಂತು. ಆಪಾ, "ರೋತೀ ಕ್ಯಾ ಬೇಟಿ, ಅದು ಯಾರ್ದೋ ಮಗಳು" ಎಂದರು. ನನ್ನನ್ನು ದುರ್ಗದ ಬಸ್ಸಿಗೆ ಹತ್ತಿಸಿದ ದಿನ ನಿನಗೆ ಹೀಗೇ ಆಗಿತ್ತೇನೋ. ಅವತ್ತು ಯಾರೂ ನಾಗಸ್ವರ ನುಡಿಸಲಿಲ್ಲ, ನನಗೆ ತಿಳಿಯಲಿಲ್ಲ.

ಹಸಿರು ರೇಷ್ಮೆ ಸೀರೆ ತೆಗೆದುಕೊಂಡಿದ್ದೇನೆ. ರವಿಕೆಗೆ ಜರಿ ಬೇಡ ಎಂದೆ, ಚುಚ್ಚುತ್ತದೆ. ಕಳಸ ಹಿಡಿಯಲು ತುಂಬಿದ ತಂಬಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಅಪ್ಪನಿಗೂ ಶಿವುಗೂ ಹೇಳು, ನಾನು ತಯಾರಿದ್ದೇನೆ.

ನಿನ್ನ
ರಂಜು


ಚಿತ್ರದುರ್ಗ
೨೪ ಫೆಬ್ರುವರಿ ೨೦೨೫

ಅಮ್ಮ,

ನನ್ನ ಹಿಂದಿನ ಕಾಗದ ತಲುಪಲಿಲ್ಲವೇ? ಪೋಸ್ಟ್‌ಮ್ಯಾನ್ ಜಯಕುಮಾರ್ ಅವರನ್ನು ಕೇಳಿದೆ. ತಲುಪಿರುತ್ತದೆ ಎಂದರು. ಚಿಕ್ಕಮ್ಮನನ್ನು ಕೇಳಿದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಾರೆ. ನಿನಗೆ ಹುಷಾರಿಲ್ಲವೇ? ಹಾಗಿದ್ದರೆ ಶಿವು ಕೈಯಲ್ಲಾದರೂ ಬರೆಸು.

ರಂಜು


ಚಿತ್ರದುರ್ಗ
೧೦ ಮಾರ್ಚ್ ೨೦೨೫

ಅಮ್ಮನಿಗೆ,

ಶಿವುವಿನ ಮದುವೆ ಹೊಳಲ್ಕೆರೆಯಲ್ಲಿ ಫೆಬ್ರುವರಿಯಲ್ಲೇ ಆಯಿತೆಂದು ಮೊನ್ನೆ ತಿಳಿಯಿತು. ಅವನು ಚಿಕ್ಕಮ್ಮನ ಫೋನಿಗೆ ಮದುವೆಯ ವಿಡಿಯೋ ಕಳಿಸಿದ್ದಾನೆ. ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಾಗ ನೋಡಿದೆ. ಫೋನಿನ ಸದ್ದು ನನಗಾಗುವುದಿಲ್ಲ, ಆದರೂ ನೋಡಿದೆ. ಚಿಕ್ಕಮ್ಮ ಬಂದು, ನನ್ನನ್ನು ಬಿಟ್ಟು ತಾನೂ ಮದುವೆಗೆ ಬರುವುದಿಲ್ಲವೆಂದು ನಿನ್ನ ಹತ್ತಿರ ಜಗಳವಾಡಿದ್ದನ್ನು ಹೇಳಿದರು.

ಮೊದಲು ಒಂದು ವಿಷಯ ತಿಳಿಸುತ್ತೇನೆ. ವಿಡಿಯೋದಲ್ಲಿ ಪುರೋಹಿತರು ಕೈ ಎತ್ತಿದರು, ಗಟ್ಟಿಮೇಳ ಬಂತು. ನನಗೆ ಏನೂ ಆಗಲಿಲ್ಲ. ಅಲ್ಲಿ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ.

ವಿಡಿಯೋ ತೆಗೆದವರು ನಿನ್ನ ಹತ್ತಿರವೇ ನಿಂತಿದ್ದರು. ಗಟ್ಟಿಮೇಳದ ಹೊತ್ತಿಗೆ ಯಾರೋ ಒಬ್ಬರು ನಿನ್ನ ಕಡೆ ಬಗ್ಗಿ, "ಕಳಸ ಹಿಡಿದಿರೋಳು ನಿಮ್ಮ ಮಗಳೇನ್ರಿ?" ಎಂದು ಕೇಳಿದರು. ನೀನು, "ಅಲ್ಲ ಕಣ್ರಿ, ನಮ್ಮ ಮೈದುನನ ಮಗಳು. ನಮಗೆ ಇವ್ನೊಬ್ನೇ" ಎಂದೆ. ಚಿಕ್ಕಮ್ಮನಿಗೂ ಆ ಜಾಗ ಹಾಕಿ ತೋರಿಸಿದೆ. "ಬರೀ ಓಲಗ ಕಣೇ, ಏನೂ ಕೇಳಲ್ಲ" ಎಂದರು. ನನಗೆ ಕೇಳುತ್ತದೆ.

ನಿನ್ನ ಮುಖ ನನಗೆ ಓದಲು ಬರದಿದ್ದರೂ ದನಿ ಬರುತ್ತದೆ. ಸುಳ್ಳು ಹೇಳುವಾಗ ನಿನ್ನ ದನಿ ಒಂದು ಎಳೆ ಮೇಲಕ್ಕೆ ಹೋಗುತ್ತದೆ. ಚಿಕ್ಕವಳಿದ್ದಾಗ ಕಹಿ ಔಷಧಿಯನ್ನು ಸಿಹಿ ಎಂದಾಗಲೂ ಹೋಗುತ್ತಿತ್ತು. ಇಲ್ಲಿ ಹೋಗಲಿಲ್ಲ. ನೆಟ್ಟಗಿತ್ತು. ಹೇಳಿ ಹೇಳಿ ರೂಢಿಯಾದ ಮಾತಿನ ಹಾಗಿತ್ತು.

ಆ ಮಾತು ಯಾವಾಗಿನಿಂದ ಹೇಳುತ್ತಿದ್ದೀಯ? ಬಯ್ಯಲು ಕೇಳುತ್ತಿಲ್ಲ. ನನಗೆ ಗೊತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ರಂಜಿತಾ


ಮತ್ತೋಡು
೧೭ ಮಾರ್ಚ್ ೨೦೨೫

ನನ್ನ ರಂಜು,

ನಿನ್ನ ಕಾಗದ ಓದಿದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಶಿವುಗೆ ಮೊದಲು ಎರಡು ಕಡೆ ಹೆಣ್ಣು ನೋಡಿದ್ದೆವು. ಎರಡು ಕಡೆಯೂ, "ಅಕ್ಕನೇ ಹಂಗಂತೆ, ನಾಳೆ ಹುಟ್ಟೋ ಮಕ್ಳೂ ಹಂಗಾದ್ರೆ?" ಅಂದು ಸಂಬಂಧ ಬೇಡ ಅಂದರು. ಹೊಳಲ್ಕೆರೆಗೆ ಹೋದ ದಿನ ಪರಮೇಶ್ವರಪ್ಪನವರು, ಎಷ್ಟು ಮಕ್ಕಳು ಅಂತ ಕೇಳಿದರು. ನಿನ್ನಪ್ಪ ಕೈಯಲ್ಲಿದ್ದ ಲೋಟ ನೋಡುತ್ತಾ, "ಒಬ್ನೇ ಮಗ" ಅಂದುಬಿಟ್ಟರು. ಶಿವು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಮೇಲೆ ಯಾರು ಕೇಳಿದರೂ ಅದನ್ನೇ ಹೇಳಬೇಕಾಯಿತು. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ನೀನು ಹೇಳಿದ್ದು ನಿಜ, ರೂಢಿಯಾಗಿಬಿಟ್ಟಿತು.

ನೀನು ಗಟ್ಟಿಮೇಳ ಕಲಿತ ಕಾಗದ ಮದುವೆಗೆ ವಾರವಿರುವಾಗ ಬಂತು. ಅದನ್ನು ಯಾರಿಗೂ ಓದಿ ಹೇಳಲಿಲ್ಲ.

ನಿನ್ನನ್ನು ನೋಡಬೇಕು. ದುರ್ಗಕ್ಕೆ ಬಂದರೆ ಬಾಗಿಲು ತೆಗೆಯುವುದಿಲ್ಲ ಅಂತ ಚಂದ್ರಕ್ಕ ಹೇಳಿದ್ದಾಳೆ. ಯುಗಾದಿಗೆ ನೀವಿಬ್ಬರೂ ಇಲ್ಲಿಗೆ ಬನ್ನಿ. ನಾಗವೇಣಿಗೆ ಇನ್ನೂ ಏನೂ ಗೊತ್ತಿಲ್ಲ, ಹೊಸ ಸಂಸಾರ. ನಿನ್ನನ್ನು ಚಂದ್ರಕ್ಕನ ಮಗಳು ಅಂತ ಹೇಳಿದ್ದೇವೆ. ಅವಳೆದುರಿಗೆ ಚಂದ್ರಕ್ಕನನ್ನು ಅಮ್ಮ ಅನ್ನು, ನನ್ನನ್ನು ದೊಡ್ಡಮ್ಮ ಅನ್ನು. ಎರಡೇ ದಿನ ಕಂದಾ. ಮುಂದೆ ಯಾವಾಗಲಾದರೂ ಹೊತ್ತು ನೋಡಿ ಹೇಳುತ್ತೇನೆ. ನಿನ್ನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಬೇಕು ಅಂತ ಆಸೆ.

ಅಮ್ಮ


ಚಿತ್ರದುರ್ಗ
೨೨ ಮಾರ್ಚ್ ೨೦೨೫

ಅಮ್ಮನಿಗೆ,

ಬರುತ್ತೇನೆ. ಚಿಕ್ಕಮ್ಮ ಬೇಡವೆಂದು ಹಟ ಮಾಡಿದರು. ನೋಡಬೇಕು ಎಂದು ನೀನು ಬರೆದಿದ್ದೀಯ, ನನಗೂ ನೋಡಬೇಕು ಎಂದೆ.

ಅಭ್ಯಾಸ ಮಾಡುತ್ತಿದ್ದೇನೆ. ಕಷ್ಟವಿದೆ. ಅಮ್ಮ ಎನ್ನುವಾಗ ದನಿ ಒಂದು ಕಡೆಯಿಂದ ಏಳುತ್ತದೆ, ದೊಡ್ಡಮ್ಮ ಎನ್ನುವಾಗ ಇನ್ನೊಂದು ಕಡೆಯಿಂದ. ದೊಡ್ಡಮ್ಮನಿಗೆ ನೀನು ಎನ್ನಬೇಕೇ ನೀವು ಎನ್ನಬೇಕೇ ಎಂದು ಚಿಕ್ಕಮ್ಮನನ್ನು ಕೇಳಿದೆ. ನೀವು ಎನ್ನು ಎಂದರು. ನಾನು ಮೊದಲ ಸಲ ಚಿಕ್ಕಮ್ಮನಿಗೆ "ಅಮ್ಮ, ನೀರು ಕೊಡಿ" ಎಂದಾಗ ಅವರು ಆ ಕಡೆ ತಿರುಗಿ ಮಿಕ್ಸಿ ಹಾಕಿದರು. ಮಿಕ್ಸಿ ಸದ್ದು ನನಗಾಗುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ಹಾಕಿದರೋ ತಿಳಿಯಲಿಲ್ಲ. ಅದರಲ್ಲಿ ಏನೂ ಇರಲಿಲ್ಲ.

ನಾನು ತಪ್ಪುವುದಿಲ್ಲ. ಅಪ್ಪನಿಗೆ ಭಯ ಬೇಡ ಎಂದು ಹೇಳು.

ರಂಜಿತಾ


ಮತ್ತೋಡು
೫ ಏಪ್ರಿಲ್ ೨೦೨೫

ರಂಜು, ನನ್ನ ಚಿನ್ನ,

ನೀನು ಒಂದು ಸಲವೂ ತಪ್ಪಲಿಲ್ಲ. ನೀನು ತಪ್ಪಲಿ ಅಂತ ನಾನೇ ದೇವರಲ್ಲಿ ಕೇಳಿಕೊಂಡೆ. ಒಬ್ಬಟ್ಟಿಗೆ ತುಪ್ಪ ಬಿಡುವಾಗ "ಸಾಕು ದೊಡ್ಡಮ್ಮ" ಅಂದೆಯಲ್ಲ, ನಿನ್ನಪ್ಪ ಎಲೆ ಬಿಟ್ಟು ಎದ್ದು ಹೋದರು. ಹಿತ್ತಲಲ್ಲಿ ನಿನ್ನ ತಲೆಗೆ ಎಣ್ಣೆ ಹಚ್ಚುವಾಗ ಮೆಲ್ಲಗೆ, "ಈಗ ಯಾರೂ ಇಲ್ಲ ಕಣೇ, ಒಂದ್ಸಲ ಅಮ್ಮ ಅನ್ನು" ಅಂದೆ. ನೀನು, "ಇನ್ನೂ ಎರಡು ದಿನ ಮುಗ್ದಿಲ್ಲ ದೊಡ್ಡಮ್ಮ" ಅಂದೆ. ನಿನ್ನ ಹಿಂದೆ ಕೂತಿದ್ದೆ, ನನ್ನ ಮುಖ ನಿನಗೆ ಕಾಣಲಿಲ್ಲ.

ಈಗ ಕೇಳು. ನೀವು ಬಸ್ಸು ಹತ್ತಿದ ಮೇಲೆ ನಾಗವೇಣಿ ಸೊಪ್ಪು ಸೋಸುತ್ತಾ, "ಅತ್ತೆ, ರಂಜಿತಕ್ಕ ನಿಮ್ಮ ಮಗಳು ಅಲ್ವಾ?" ಅಂದಳು.

"ನೀವು ಅಡುಗೆ ಮನೆಯಾಗೆ, ಅವ್ರು ನಡುಮನೆಯಾಗೆ, ಇಬ್ರೂ ಗುನುಗ್ತಿದ್ರಿ. ಒಂದೇ ಹಾಡು. ಇಬ್ರೂ ಒಂದೇ ಜಾಗದಾಗೆ ಉಸ್ರು ತಗಂತಿದ್ರಿ" ಅಂದಳು. "ಮದ್ವೆಗೆ ಯಾಕೆ ಬರ್ಲಿಲ್ಲ ಅಕ್ಕ ಅಂತ ಕೇಳ್ದೆ. ನನಗೆ ಹೇಳ್ಲಿಲ್ಲ ಅಂದ್ರು."

ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದೆ. ಅವಳು, "ಮೊದ್ಲೇ ಹೇಳಿದ್ರೆ ಏನಾಗ್ತಿತ್ತು ಅತ್ತೆ? ನಾನೇನು ಬ್ಯಾಡ ಅಂತಿದ್ನಾ?" ಅಂದಳು. ಶಿವು ಬಾಗಿಲಲ್ಲಿ ನಿಂತು ಅತ್ತ. ನಿನ್ನಪ್ಪನಿಗೆ ತಿಳಿಸಿದೆ. ಜಗಲಿಯ ಮೇಲೆ ಕೂತಿದ್ದವರು, "ಕರ್ಕಂಡು ಬಾ" ಅಂದರು, ಅಷ್ಟೇ.

ಇನ್ನು ಏನೂ ಬೇಡ ರಂಜು. ದೊಡ್ಡಮ್ಮ ಬೇಡ, ನೀವು ಬೇಡ. ನಿನ್ನ ಮನೆಗೆ ಬಾ. ಬರುವ ಮೊದಲು ಕಾಗದದಲ್ಲಿ ಒಂದು ಸಲ ಅಮ್ಮ ಅಂತ ಬರೆ.

ನಿನ್ನ ಅಮ್ಮ


ಮತ್ತೋಡು
೨೪ ಏಪ್ರಿಲ್ ೨೦೨೫

ರಂಜು,

ಪೋಸ್ಟ್‌ಮ್ಯಾನ್ ನಮ್ಮ ಓಣಿಗೆ ಬಂದರೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಹೊಳಲ್ಕೆರೆಯವರಿಗೂ ಈಗ ಗೊತ್ತು. ಪರಮೇಶ್ವರಪ್ಪನವರು ಎರಡು ಮಾತು ಬೈದರು, ಆಮೇಲೆ ನಿಮ್ಮ ಮಗಳನ್ನು ಒಂದು ಸಲ ನಮ್ಮ ಮನೆಗೂ ಕರೆತನ್ನಿ ಅಂದರು. ಎಲ್ಲ ಸರಿಯಾಯಿತು ಕಣೇ. ನಿನ್ನದೊಂದು ಕಾಗದ ಬರಬೇಕು. ಬೈದಾದರೂ ಬರೆ.

ಅಮ್ಮ


ಚಿತ್ರದುರ್ಗ
೬ ಮೇ ೨೦೨೫

ಪೂಜ್ಯ ದೊಡ್ಡಮ್ಮನವರಿಗೆ,

ನಿಮ್ಮ ಎರಡೂ ಕಾಗದಗಳು ತಲುಪಿದವು. ನೀವು ಕೇಳಿದಂತೆ ಬರೆಯಲು ಆಗುತ್ತದೆಯೇ ಎಂದು ಮೊದಲು ಪ್ರಯತ್ನ ಮಾಡಿ ನೋಡೋಣ ಎಂದುಕೊಂಡೆ. ಅದಕ್ಕೇ ತಡವಾಯಿತು.

ಸಂಜೆ ಅಂಗಡಿ ಮುಚ್ಚಿದ ಮೇಲೆ ತಾಹೇರಾ ಆಪಾ ಎದುರು ಕುಳಿತು ಆ ಪದವನ್ನು ನಿಮ್ಮ ಕಡೆಗೆ ಹೇಳಿ ನೋಡಿದೆ. ಬಾಯಿಗೆ ಬರುತ್ತದೆ. ಆದರೆ ನಿಮ್ಮ ಮುಖ ಬರುವುದಿಲ್ಲ, ಇಲ್ಲಿ ಮನೆಯಲ್ಲಿರುವವರ ಮುಖ ಬರುತ್ತದೆ. ಬೇರೆಯವರು ಒಂದೇ ಹಾಡನ್ನು ಯಾವ ಶ್ರುತಿಯಲ್ಲಿ ಬೇಕಾದರೂ ಎತ್ತಿಕೊಂಡು ಹಾಡುತ್ತಾರೆ, ಅವರಿಗೆ ಅದೇ ಹಾಡು. ನನಗೆ ಶ್ರುತಿ ಬದಲಾದರೆ ಅದು ಇನ್ನೊಂದು ಹಾಡು. ಹಳೆಯದು ಎಲ್ಲಿತ್ತು ಎಂದು ಗೊತ್ತಿರುತ್ತದೆ, ಅಲ್ಲಿಗೆ ಹೋಗಲು ಬರುವುದಿಲ್ಲ. ಎರಡು ದಿನಕ್ಕಾಗಿ ಕಲಿತದ್ದು ಎರಡು ದಿನ ಕಳೆದ ಮೇಲೆ ಹೋಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹೋಗಲಿಲ್ಲ. ನಾನು ತುಂಬ ಅಭ್ಯಾಸ ಮಾಡಿಬಿಟ್ಟೆ.

ಇದು ಕೋಪವಲ್ಲ ದೊಡ್ಡಮ್ಮ. ಪುಸ್ತಕಕ್ಕೆ ಹೊಲಿಗೆ ಹಾಕುವಾಗ ಕಣ್ಣೀರು ಬಂದು ದಾರ ಕಾಣುವುದಿಲ್ಲ. ಕೋಪ ಬಂದಾಗ ನನಗೆ ಕಣ್ಣೀರು ಬರುವುದಿಲ್ಲ.

ನಾಗವೇಣಿ ಒಳ್ಳೆಯವಳು. ಅವಳಿಗೂ ಶಿವುಗೂ ನನ್ನ ಪ್ರೀತಿ ತಿಳಿಸಿ. ಜೂನ್‌ನಲ್ಲಿ ಶಾಲೆ ಪುಸ್ತಕಗಳ ಬೈಂಡಿಂಗ್ ಕೆಲಸ ಜಾಸ್ತಿ ಇರುತ್ತದೆ. ಅದು ಮುಗಿದ ಮೇಲೆ ಒಂದು ಸಲ ಬಂದು ಹೋಗುತ್ತೇನೆ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಹಾಸ್ಟೆಲ್ ಅಡುಗೆ ಮುಗಿಸಿ ಅಮ್ಮ ಈಗಷ್ಟೇ ಬಂದರು. ಕಾಗದ ಯಾರಿಗೆ ಎಂದು ಕೇಳಿದರು. ಹೇಳಿದೆ. ನಿಮ್ಮನ್ನು ಕೇಳಿದೆನೆಂದು ಬರೆಯಲು ಹೇಳಿದರು.

ನಿಮ್ಮ
ರಂಜಿತಾ